ಮುನ್ನೂರು ಕುದುರೆಯ ಮುದುಕಿ

ಫೆನ್ನಾ ಹೌಸೆಂಗಾಳನ್ನು ಮಣ್ಣು ಮಾಡಿದ ದಿನ ನಮ್ಮ ಚರ್ಚಿನ ಪಾದ್ರಿ ಅವಳ ಬಗ್ಗೆ ಹದಿನಾಲ್ಕು ನಿಮಿಷ ಮಾತಾಡಿದರು. ಅದರಲ್ಲಿ ನಾಲ್ಕು ನಿಮಿಷ ಅವಳ ಕಾರಿಗೇ ಹೋಯಿತು. "ಜೀವನವಿಡೀ ಬಿಗಿಯಾಗಿ ಬಾಳಿದ ನಮ್ಮ ಸೋದರಿ ಕೊನೆಗಾಲದಲ್ಲಿ ಒಂದು ಪುಟ್ಟ ಆಸೆಗೆ ಮನಸ್ಸು ಕೊಟ್ಟರು. ದೇವರು ಅದನ್ನು ನಗುತ್ತಲೇ ಮನ್ನಿಸಿರುತ್ತಾನೆ" ಎಂದರು. ಜನ ನಕ್ಕರು. ಸಾವಿನ ಹೊತ್ತಿನಲ್ಲಿ ನಗಲು ಅಪ್ಪಣೆ ಸಿಕ್ಕಿದವರು ನಗುವ ಹಾಗೆ, ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚಾಗಿಯೇ ನಕ್ಕರು.

ಪಾದ್ರಿ ನಮ್ಮೂರಿಗೆ ಬಂದು ಎರಡು ವರ್ಷ. ಅವರಿಗೆ ಗೊತ್ತಿಲ್ಲ, ಬಿಡಿ. ನಕ್ಕವರಲ್ಲಿ ಹೆಚ್ಚಿನವರಿಗೂ ಗೊತ್ತಿಲ್ಲ. ಆದರೆ ನನ್ನ ಮುಂದಿನ ಬೆಂಚಿನಲ್ಲಿ ಕೂತಿದ್ದ ಆರ್ಲಿನ್ ಬೋಸ್ಮಾನಿಗೆ ಎಲ್ಲವೂ ಗೊತ್ತಿತ್ತು. ಅವನ ಹೆಗಲೂ ಕುಲುಕಿತು. ಅದನ್ನು ಕಂಡ ಮೇಲೆ ಇದನ್ನು ಬರೆಯದೆ ಇರಲು ನನ್ನಿಂದಾಗಲಿಲ್ಲ.

ಫೆನ್ನಾ ಹುಟ್ಟಿದ್ದು ಮಿಶಿಗನ್ನಿನ ಈ ವೆಸ್ಟರ್‌ಹೂಕ್ ಊರಿನ ದಕ್ಷಿಣಕ್ಕಿರುವ ಕಪ್ಪು ಮಣ್ಣಿನ ಸೆಲರಿ ಸೊಪ್ಪಿನ ತೋಟದಲ್ಲಿ, ಐದು ಜನ ಅಣ್ಣಂದಿರ ಬೆನ್ನಿಗೆ. ಅಪ್ಪ ಸತ್ತಾಗ ಅಣ್ಣಂದಿರಿಗೆ ಹೊಲ ಬಂತು, ಇವಳಿಗೆ ಅಮ್ಮ ಬಂದಳು. ಅಮ್ಮನನ್ನು ಇಪ್ಪತ್ತೆರಡು ವರ್ಷ ನೋಡಿಕೊಂಡಳು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಒಬ್ಬ ಬಂದಿದ್ದ. ಅವನ ಕಾರಿಗೆ ಬ್ರೇಕ್ ಸರಿ ಇರಲಿಲ್ಲ" ಎನ್ನುತ್ತಿದ್ದಳು. ಮುಖ್ಯ ಬೀದಿಯ ವಿಮಾ ಕಚೇರಿಯಲ್ಲಿ, ಬಾಗಿಲು ತೆರೆದ ಕೂಡಲೇ ಕಾಣುವ ಮೊದಲ ಮೇಜು ಮೂವತ್ತಾರು ವರ್ಷ ಅವಳದಾಗಿತ್ತು. ಆ ಕಾಲದಲ್ಲಿ ಕಚೇರಿಯ ಮಾಲೀಕರು ಮೂವರು ಬದಲಾದರು. ಬೋರ್ಡಿನ ಮೇಲೆ ಅವರ ಹೆಸರು ಬಂದು ಹೋದವು. ಜನ ಮಾತ್ರ "ಫೆನ್ನಾ ಹತ್ತಿರ ಹೋಗ್ಬೇಕು" ಎನ್ನುತ್ತಿದ್ದರು, ಹಲ್ಲು ಕೀಳಿಸಲು ಹೋಗುವವರ ದನಿಯಲ್ಲಿ. ನಾನು ಹೈಸ್ಕೂಲಿನ ಗ್ರಂಥಾಲಯ ನೋಡಿಕೊಳ್ಳುತ್ತಿದ್ದವಳು. ಪ್ರತಿ ಶುಕ್ರವಾರ ಅವಳ ಮನೆಯಲ್ಲೋ ನನ್ನ ಮನೆಯಲ್ಲೋ ಬಟಾಣಿ ಸೂಪು. ಅಂಥ ಶುಕ್ರವಾರಗಳು ಎರಡು ಸಾವಿರವಾದರೂ ಕಳೆದಿರಬೇಕು.

ನಮ್ಮೂರಿನ ಒಂದು ಪದ್ಧತಿ ಹೇಳಬೇಕು. ಮಕ್ಕಳಿಗೆ ಹದಿನಾರು ತುಂಬಿದರೆ ಅಪ್ಪ ಕಾರು ಕೊಡಿಸುತ್ತಾನೆ. ವಿಮೆಯ ಕಂತನ್ನು ಮಕ್ಕಳೇ ದುಡಿದು ಕಟ್ಟಬೇಕು. ಇದಕ್ಕೆ ಅವರು ಇಟ್ಟ ಹೆಸರು ಜವಾಬ್ದಾರಿ ಕಲಿಸುವುದು. ಕಾರು ಕೊಡಿಸಿದ್ದನ್ನು ಅಪ್ಪ ಒಂದು ದಿನ ಎಲ್ಲರೆದುರು ಹೇಳಿಕೊಳ್ಳಬಹುದು. ಮಗ ಮೂರು ವರ್ಷ ಸೆಲರಿ ತೋಟದ ಕಳೆ ಕಿತ್ತು ಕಂತು ಕಟ್ಟುತ್ತಾನೆ. ಇನ್ನು, ಕಾರು ಆರಿಸುವವರು ಯಾರು? ಅಪ್ಪ. ಅವನು ಆರಿಸುವುದು ತಾನು ಹದಿನಾರರಲ್ಲಿ ಕನಸು ಕಂಡಿದ್ದ, ತನ್ನಪ್ಪ ಕೊಡಿಸದೆ ಹೋದ ಕಾರನ್ನು. ಹೀಗೆ ಒಂದೊಂದು ಮನೆಯಲ್ಲೂ ಅಜ್ಜನ ಜಿಪುಣತನಕ್ಕೆ ಮೊಮ್ಮಗ ದಂಡ ತೆರುತ್ತಿದ್ದ. ನಮ್ಮ ಜನ ಎಷ್ಟು ಲೆಕ್ಕಾಚಾರದವರೆಂದರೆ ಟೀ ಚೀಲವನ್ನು ಎರಡು ಸಲ ಅದ್ದುತ್ತಾರೆ. ಈ ಒಂದು ಲೆಕ್ಕ ಮಾತ್ರ ಅವರ ತಲೆಗೆ ಹತ್ತಲೇ ಇಲ್ಲ.

ಫೆನ್ನಾ ಅಪ್ಪನನ್ನು ಗೋಡೆ ಪಕ್ಕದ ಕುರ್ಚಿಗೆ ಕಳಿಸಿ, ಮಗನನ್ನೋ ಮಗಳನ್ನೋ ಎದುರಿಗೆ ಕೂರಿಸಿಕೊಳ್ಳುತ್ತಿದ್ದಳು. "ಎಷ್ಟು ಬಾಗಿಲು? ಎಂಜಿನ್ ಎಷ್ಟು ದೊಡ್ಡದು? ಪಕ್ಕದಿಂದ ಯಾರಾದ್ರೂ ಗುದ್ದಿದ್ರೆ ಏರ್‌ಬ್ಯಾಗ್ ಬಿಚ್ಚುತ್ತಾ? ಕಂತು ಕಟ್ಟೋದು ಯಾರು?" ಕೊನೆಯ ಪ್ರಶ್ನೆಗೆ ಮಗು "ನಾನು" ಅಂದ ಕೂಡಲೇ ಅವಳು ಗೋಡೆಯ ಕಡೆ ತಿರುಗುತ್ತಿದ್ದಳು: "ಹಾಗಾದ್ರೆ ನೀನ್ಯಾಕೋ ಅಲ್ಲಿ ಹಲ್ಲು ಬಿಡ್ತಾ ಕೂತಿದೀಯ?"

ಅವಳ ಉಪದೇಶ ಗಟ್ಟಿ ಬಿಸ್ಕತ್ತಿನ ಹಾಗೆ, ರುಚಿಯಿಲ್ಲ, ಕೆಡುವುದೂ ಇಲ್ಲ. ನಾಲ್ಕು ಬಾಗಿಲು ಇರಲಿ. ಸಣ್ಣ ಎಂಜಿನ್ ಇರಲಿ. ತೀರ ಹೊಸದು ಬೇಡ, ಏರ್‌ಬ್ಯಾಗೇ ಇಲ್ಲದಷ್ಟು ಹಳೆಯದೂ ಬೇಡ. ನಿಮ್ಮಜ್ಜಿ ನೋಡಿ "ಚೆನ್ನಾಗಿದೆ" ಅಂದರೆ ತೆಗೆದುಕೊಳ್ಳಿ. ನಿಮ್ಮ ಗೆಳೆಯರು "ಚೆನ್ನಾಗಿದೆ" ಅಂದರೆ ಓಡಿಬನ್ನಿ. "ಎರಡು ಬಾಗಿಲಿನ ಕಾರು ಅಂದ್ರೆ ಕಂಪನಿಯವರ ಕಣ್ಣಿಗೆ ಕಾರಲ್ಲ, ಕಾಯಿಲೆ" ಎನ್ನುತ್ತಿದ್ದಳು. ಎಲ್ಲಕ್ಕಿಂತ ಮೊದಲು ಹೇಳುತ್ತಿದ್ದದ್ದು, ಕಾರು ಕೊಳ್ಳುವ ಮುಂಚೆ ಬಂದು ಕೇಳಿ ಎಂದು. ಕೊಂಡಾದ ಮೇಲೆಯೇ ಎಲ್ಲರೂ ಬಂದು ಕೇಳುತ್ತಿದ್ದರು.

ಆರ್ಲಿನ್ ಬೋಸ್ಮಾ ಕೂಡ ಹಾಗೆಯೇ ಬಂದ. ಮೂರೂವರೆ ವರ್ಷದ ಹಿಂದೆ, ಜೂನ್ ತಿಂಗಳು. ನಮ್ಮ ಕ್ರಿಶ್ಚಿಯನ್ ಶಾಲೆಯ ಸಹಾಯಾರ್ಥ ಹರಾಜು ಶಾಲೆಯ ವ್ಯಾಯಾಮದ ಹಾಲಿನಲ್ಲಿ ನಡೆಯುತ್ತದೆ. ಕೌದಿ, ಅರ್ಧ ಹಂದಿ, ಬ್ಯಾಂಕೆಟ್ ಎಂಬ ಬಾದಾಮಿ ತುಂಬಿದ ಸಿಹಿ ಸುರುಳಿಗಳು ಇವೆಲ್ಲ ಆದ ಮೇಲೆ ಕೊನೆಗೆ ತೀರಿಹೋದ ಕ್ಲೂಸ್ಟರ್‌ಮನ್‌ನ ಕಾರು ಬಂತು. ಕಪ್ಪು ಬಣ್ಣ, ಎರಡು ಬಾಗಿಲು, ಹನ್ನೆರಡು ವರ್ಷ ಹಳೆಯದು. ಅವನ ಹೆಂಡತಿ ಶಾಲೆಗೆಂದು ದಾನ ಕೊಟ್ಟಿದ್ದಳು. ಪುಣ್ಯವೂ ಬರುತ್ತದೆ, ಅಗ್ಗಕ್ಕೂ ಸಿಗುತ್ತದೆ ಎಂದರೆ ನಮ್ಮ ಜನ ಕೆರೆಗೆ ಬೇಕಾದರೂ ಹಾರುತ್ತಾರೆ. ಆರ್ಲಿನ್ ಕೈ ಎತ್ತಿದ, ಇನ್ನೊಬ್ಬ ಎತ್ತಿದ, ಆರ್ಲಿನ್ ಮತ್ತೆ ಎತ್ತಿದ. ಕಾರು ಅವನದಾಯಿತು. ವೇದಿಕೆ ಹತ್ತಿ ಮಗಳು ಮರೀಕಾಳ ಕೈಗೆ ಕೀಲಿಕೈ ಕೊಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು. ಹುಡುಗಿ ನಕ್ಕಳು, ಫೋಟೋಗೆ ನಗುತ್ತಾರಲ್ಲ, ಹಾಗೆ.

ಸೋಮವಾರ ನಾನು ಮನೆಯ ವಿಮೆ ಕಟ್ಟಲು ಕಚೇರಿಗೆ ಹೋಗಿದ್ದೆ. ಅಪ್ಪ ಮಗಳು ಬಂದರು. ಫೆನ್ನಾ ಎಂದಿನಂತೆ ಅವನನ್ನು ಗೋಡೆಗೆ ಕಳಿಸಿದಳು. ಅವನು ಅಲ್ಲಿಂದಲೇ ಶುರುಮಾಡಿದ.

"ನೋಡಿ ಫೆನ್ನಾ, ನಾನೇನು ದಡ್ಡ ಅಲ್ಲ. ಬಣ್ಣ ಕಪ್ಪು. ಕೆಂಪಾಗಿದ್ರೆ ಮುಟ್ತಾನೇ ಇರಲಿಲ್ಲ."

"ಕೆಂಪಾಗಿದ್ರೆ ಏನಾಗ್ತಿತ್ತೋ?"

"ಕೆಂಪು ಕಾರಿಗೆ ಇನ್ಶೂರೆನ್ಸ್ ಜಾಸ್ತಿ ಅಲ್ವಾ?"

"ಕಾರಿನ ನಂಬರ್ ಹಾಕಿದ್ರೆ ಈ ಕಂಪ್ಯೂಟರಲ್ಲಿ ಎಂಜಿನ್ ಬರುತ್ತೆ, ಬಾಗಿಲು ಬರುತ್ತೆ, ಕಳ್ಳರಿಗೆ ಅದು ಎಷ್ಟು ಇಷ್ಟ ಅನ್ನೋದೂ ಬರುತ್ತೆ. ಬಣ್ಣ ಬರೋದಿಲ್ಲ. ನೀನು ಬಣ್ಣ ನೋಡಿದೆ. ಕುದುರೆಶಕ್ತಿ ನೋಡಿದ್ಯಾ?"

"ಮುನ್ನೂರು!" ಎಂದ ಆರ್ಲಿನ್. ಹೆಮ್ಮೆ ತಡೆಯಲಾಗಲಿಲ್ಲ.

"ನಿಮ್ಮಜ್ಜ ಎರಡೇ ಕುದುರೆ ಇಟ್ಕೊಂಡಿದ್ದ. ಅವೂ ಒಂದ್ಸಲ ಅವನನ್ನ ಹಳ್ಳಕ್ಕೆ ಎಳ್ಕೊಂಡು ಹೋಗಿದ್ವು. ನಿನ್ನ ವಯಸ್ಸೆಷ್ಟು ಮಗಾ?"

"ಹದಿನೇಳು, ತಾಂತೆ ಫೆನ್ನಾ." ತಾಂತೆ ಎಂದರೆ ಡಚ್ಚಿನಲ್ಲಿ ಅತ್ತೆ; ನಮ್ಮ ಮಕ್ಕಳು ಆ ವಯಸ್ಸಿನವರನ್ನು ಈಗಲೂ ಹಾಗೆಯೇ ಕರೆಯುವುದು.

ಫೆನ್ನಾ ಕಂತಿನ ಲೆಕ್ಕದ ಕಾಗದ ತೆಗೆದು ಹುಡುಗಿಯ ಮುಂದಿಟ್ಟಳು. ಮರೀಕಾ ಅದನ್ನು ಎರಡು ಸಲ ಓದಿ, ನಾಲ್ಕಾಗಿ ಮಡಿಸಿ, "ಇಷ್ಟು ನಾನು ದುಡಿಯೋದೇ ಇಲ್ಲ" ಅಂದಳು. ಅವಳು ಹೂಗಿಡ ಬೆಳೆಸುವ ಗಾಜಿನ ಮನೆಯಲ್ಲಿ ಕೆಲಸಕ್ಕಿದ್ದಳು.

"ಇನ್ನೊಂದು ಕೆಲಸ ಹಿಡಿದ್ರಾಯ್ತು" ಎಂದ ಅಪ್ಪ.

"ಯಾವಾಗ ಮಾಡ್ತಾಳೋ? ನಿದ್ದೇಲಾ?"

"ಹಾಗಾದ್ರೆ ನನ್ನ ಹೆಸರಿಗೆ ಹಾಕಿ. ಅವಳು ಆಗಾಗ ಓಡಿಸ್ತಾಳೆ ಅಂತ ಬರೀರಿ."

"ಮನೇಲಿ ಅತಿ ಚಿಕ್ಕ ಡ್ರೈವರ್ ಯಾರು, ಅತಿ ಅಪಾಯದ ಕಾರು ಯಾವ್ದು ಅಂತ ಕಂಪ್ಯೂಟರ್ರೇ ನೋಡಿ ಲಗ್ನ ಕಟ್ಟುತ್ತೆ ಕಣೋ. ಕೊಟ್ಟಿಗೇಲಿ ಮುಚ್ಚಿಟ್ರೂ ಬಿಡಲ್ಲ. ಆ ಕಾರು ನಿಮ್ಮನೇಲಿ ಇರೋವರೆಗೂ ಇಷ್ಟೇ."

"ನಮ್ಮಮ್ಮನ ಹೆಸರಿಗೆ?"

"ನಿಮ್ಮಮ್ಮ ವೃದ್ಧಾಶ್ರಮ ಸೇರಿ ನಾಲ್ಕು ವರ್ಷ ಆಯ್ತು. ಮೊನ್ನೆ ನನ್ನನ್ನ ಅವರಕ್ಕ ಅಂದ್ಕೊಂಡ್ರು. ಅವರ ಕೈಗೆ ಮುನ್ನೂರು ಕುದುರೆ ಕೊಡ್ತೀಯಾ? ಸುಳ್ಳು ಬರೆಸೋಕೆ ಬೇರೆ ಮೇಜು ನೋಡ್ಕೋ. ಮಾರಿಬಿಡು, ಅದೇ ದಾರಿ."

ಆರ್ಲಿನ್ ಎದ್ದು ನಿಂತ. "ಮಾರೋದಾ? ಶಾಲೆಗೋಸ್ಕರ ಊರೆದುರು ತಗೊಂಡಿದ್ದನ್ನ? ಮಿಸೆಸ್ ಕ್ಲೂಸ್ಟರ್‌ಮನ್ ಚರ್ಚಲ್ಲಿ ನನ್ನಿಂದ ಎರಡೇ ಬೆಂಚು ಮುಂದೆ ಕೂರ್ತಾರೆ. ಜನ ಏನಂತಾರೆ?"

ಜನ ಏನೆನ್ನುತ್ತಾರೆ ಎಂಬುದಕ್ಕಾಗಿ ಆ ಹುಡುಗಿ ಕಳೆದುಕೊಳ್ಳಲಿದ್ದದ್ದು ಇದು: ಗ್ರ್ಯಾಂಡ್ ರ‍್ಯಾಪಿಡ್ಸ್‌ನ ಆಸ್ಪತ್ರೆಯೊಂದು ಹೈಸ್ಕೂಲಿನ ಕೊನೆಯ ವರ್ಷದವರಿಗೆ ನಡೆಸುವ ದಾದಿಯರ ತರಬೇತಿಯಲ್ಲಿ ಅವಳಿಗೆ ಸೀಟು ಸಿಕ್ಕಿತ್ತು. ಇಡೀ ಜಿಲ್ಲೆಗೆ ಹನ್ನೆರಡು ಸೀಟು. ದಿನಾ ಮಧ್ಯಾಹ್ನ ಇಪ್ಪತ್ತಾರು ಮೈಲಿ ಹೋಗಬೇಕು. ನಮ್ಮೂರಿನಿಂದ ಬಸ್ಸಿಲ್ಲ. ಅವಳಮ್ಮ ಶಾಲೆಯ ಅಡುಗೆಮನೆಯಲ್ಲಿ, ಅಪ್ಪ ತೋಟದಲ್ಲಿ. ಆ ಹೊತ್ತಿಗೆ ಇಬ್ಬರೂ ಬಿಡುವಾಗುವವರಲ್ಲ. ಆಗಸ್ಟ್ ಹದಿನೈದರೊಳಗೆ ಓಡಾಟದ ವ್ಯವಸ್ಥೆ ತಿಳಿಸದಿದ್ದರೆ ಸೀಟು ಮುಂದಿನವರಿಗೆ. ಅವಳು ನನ್ನ ಗ್ರಂಥಾಲಯದಲ್ಲಿ ಮೂಳೆ ನರಗಳ ಪುಸ್ತಕವನ್ನು ಮೂರು ಸಲ ನವೀಕರಿಸಿಕೊಂಡವಳು. ಆ ಪುಸ್ತಕ ಕೇಳಿದ ಇನ್ನೊಂದು ಮಗುವನ್ನು ನಾನು ನೋಡಿಲ್ಲ.

ಜುಲೈ ಪೂರ್ತಿ ಕಾರು ಬೋಸ್ಮಾ ಮನೆಯ ಮುಂದೆ ವಿಮೆಯಿಲ್ಲದೆ ನಿಂತಿತ್ತು. ಆರ್ಲಿನ್ ಸಂಜೆ ಹೊತ್ತು ಅದನ್ನು ತೊಳೆಯುತ್ತಿದ್ದ.

ಆಗಸ್ಟಿನ ಮೊದಲ ಭಾನುವಾರ, ಆರಾಧನೆ ಮುಗಿದು ಎಲ್ಲರೂ ಕಾಫಿ ಹಿಡಿದು ನಿಂತಿದ್ದಾಗ, ಫೆನ್ನಾ ಜನರ ನಡುವೆ ದಾರಿ ಮಾಡಿಕೊಂಡು ಆರ್ಲಿನ್ ಹತ್ತಿರ ಹೋದಳು. ಮೂಲೆಯಲ್ಲಿದ್ದ ಕಿವುಡ ಮುದುಕನಿಗೂ ಕೇಳುವ ಹಾಗೆ ಹೇಳಿದಳು:

"ಆರ್ಲಿನ್, ಆ ಕಪ್ಪು ಕಾರಿನ ಮೇಲೆ ನಂಗೆ ಕ್ಲೂಸ್ಟರ್‌ಮನ್ ಕಾಲದಿಂದ ಕಣ್ಣು ಕಣೋ. ಸಾಯೋದ್ರೊಳಗೆ ಅಂಥದ್ದೊಂದು ಓಡಿಸ್ಬೇಕು. ನನ್ನ ಕಾರು ನೀನು ತಗೋ, ಅದನ್ನ ನಂಗೆ ಕೊಡು. ಮೇಲೊಂದು ಡಾಲರೂ ಬೇಡ."

ಮಿಸೆಸ್ ಕ್ಲೂಸ್ಟರ್‌ಮನ್ ಕಣ್ಣೊರೆಸಿಕೊಂಡಳು. "ನಮ್ಮವರಿದ್ದಿದ್ರೆ ಎಷ್ಟು ಖುಷಿಪಡ್ತಿದ್ರೋ!" ಆರ್ಲಿನ್ ಕಪ್ಪಿನ ತಳ ನೋಡುತ್ತ ನಿಂತ. ಅವನು ಯೋಚಿಸುತ್ತಿದ್ದದ್ದು ನನಗೆ ಓದಲು ಬರುವಷ್ಟು ಸ್ಪಷ್ಟವಾಗಿ ಅವನ ಹಣೆಯ ಮೇಲಿತ್ತು: ಫೆನ್ನಾಳದು ಆರೇ ವರ್ಷದ, ಮಣ್ಣಿನ ಬಣ್ಣದ, ನಾಲ್ಕು ಬಾಗಿಲಿನ ಕಾರು, ಸುತ್ತಲೂ ಏರ್‌ಬ್ಯಾಗು, ಒಂದು ಗೀರೂ ಇಲ್ಲ, ಬೆಲೆ ಎರಡರಷ್ಟು. ಆಮೇಲೆ ನಿಟ್ಟುಸಿರು ಬಿಟ್ಟು, "ವಯಸ್ಸಾದವರ ಆಸೆ. ಇಲ್ಲ ಅನ್ನೋಕೆ ಮನಸ್ಸು ಬರುತ್ತಾ?" ಎಂದ. ಒಬ್ಬಿಬ್ಬರು ಅವನ ಬೆನ್ನು ತಟ್ಟಿದರು. ಹೌದು, ಅವನ ಬೆನ್ನನ್ನೇ.

ಊರಿಗೆ ಬಾಯಿಗೊಂದು ಮಿಠಾಯಿ ಸಿಕ್ಕಿತು. ಮುನ್ನೂರು ಕುದುರೆಯ ಮುದುಕಿ ಎಂದು ಹೆಸರಿಟ್ಟವನು ಬೇಕರಿಯವನು. ಸಿಗ್ನಲ್ ದೀಪದ ಹತ್ತಿರ ಅವಳ ಕಾರು ನಿಂತರೆ ಹುಡುಗರು ಎಂಜಿನ್ ಗುರ್ ಅನ್ನಿಸಿ ಪಂದ್ಯಕ್ಕೆ ಕರೆಯುತ್ತಿದ್ದರು. ಮೂವತ್ತಾರು ವರ್ಷ ಅವಳಿಂದ ಬೈಸಿಕೊಂಡ ಅಪ್ಪಂದಿರಿಗೆಲ್ಲ ಹಬ್ಬ. "ಊರಿಗೆಲ್ಲ ನಾಲ್ಕು ಬಾಗಿಲು, ತನಗೆ ಮಾತ್ರ ಎರಡು!" ಎಂದು ಅವಳ ಮುಖಕ್ಕೇ ಅನ್ನುತ್ತಿದ್ದರು. ಅವಳು "ಹೌದಪ್ಪಾ, ನಂಗೂ ಹುಚ್ಚು" ಎಂದು ಮುಂದಕ್ಕೆ ಹೋಗುತ್ತಿದ್ದಳು.

ನಾನೂ ನಕ್ಕೆ. ಇದನ್ನು ಬರೆಯದಿದ್ದರೆ ಉಳಿದದ್ದನ್ನು ಬರೆಯುವ ಹಕ್ಕು ನನಗಿಲ್ಲ. ನಲವತ್ತು ವರ್ಷದ ಗೆಳತಿ, ಊರಿನವರ ಜೊತೆ ಸೇರಿ ನಕ್ಕೆ.

"ಕೂದಲಿಗೆ ಬಣ್ಣ ಯಾವಾಗ ಹಾಕಿಸ್ಕೋತೀಯೇ?" ಎಂದು ಕೇಳಿದೆ.

"ನೀನು ಮೊದ್ಲು ಕನ್ನಡಕ ಬದಲಾಯಿಸ್ಕೋ ಅಲೈಡಾ. ನಿಂಗೆ ಕಣ್ಣು ಕಾಣ್ತಿಲ್ಲ" ಎಂದಳು.

ನವೆಂಬರಿನ ಒಂದು ಶುಕ್ರವಾರ, ಮೊದಲ ಹಿಮ ಬಿದ್ದಿತ್ತು. ಅವಳು ಸೂಪು ತಂದಳು. ಕಾರು ಬಂದು ನಿಂತ ಸದ್ದು ಕೇಳಿತು. ಬಾಗಿಲು ತಟ್ಟುವ ಸದ್ದು ಎಷ್ಟು ಹೊತ್ತಾದರೂ ಬರಲಿಲ್ಲ. ಹೊರಗೆ ಹೋಗಿ ನೋಡಿದರೆ ಆ ತಗ್ಗು ಸೀಟಿನಿಂದ ಏಳಲಾಗದೆ, ಒಂದು ಕಾಲು ಹಿಮದಲ್ಲಿಟ್ಟು, ಸೂಪಿನ ಪಾತ್ರೆ ಮಡಿಲಲ್ಲಿಟ್ಟುಕೊಂಡು ಕೂತಿದ್ದಾಳೆ. ಡಿಕ್ಕಿಯಲ್ಲಿ ಪಾತ್ರೆಗೆ ಜಾಗವಿರಲಿಲ್ಲ; ಹಿಂದಿನ ಚಕ್ರ ಹಿಮದಲ್ಲಿ ಜಾರಬಾರದೆಂದು ಮರಳಿನ ಮೂಟೆ ತುಂಬಿದ್ದಳು. ಅವಳ ಸೊಂಟದ ನೋವು ನನಗೆ ಗೊತ್ತಿತ್ತು. ಎರಡೂ ಕೈ ಹಿಡಿದು ಎಳೆದೆ.

"ನಿಜ ಹೇಳು. ಈ ಕಾರು ನಿಂಗೆ ಇಷ್ಟಾನಾ?"

"ಥೂ. ಇದು ಕಾರಲ್ಲ ಕಣೇ, ಸ್ನಾನದ ತೊಟ್ಟಿ. ಕೂತ್ರೆ ಏಳೋಕಾಗಲ್ಲ, ಎದ್ರೆ ಕೂರೋಕಾಗಲ್ಲ."

"ಮತ್ತ್ಯಾಕೆ ತಗೊಂಡೆ?"

ಅವಳು ನನ್ನನ್ನು ದಡ್ಡ ವಿದ್ಯಾರ್ಥಿಯನ್ನು ನೋಡುವಂತೆ ನೋಡಿದಳು. "ಅರವತ್ತೇಳು ವರ್ಷದ ಹೆಂಗಸು. ಒಂದು ದಂಡ ಇಲ್ಲ, ಒಂದು ಗುದ್ದು ಇಲ್ಲ. ನಂಗೆ ಈ ಕಾರಿಗೆ ಹಳೇ ಕಾರಿಗಿಂತ ತಿಂಗಳಿಗೆ ಹನ್ನೊಂದು ಡಾಲರ್ ಜಾಸ್ತಿ, ಅಷ್ಟೇ. ಮರೀಕಾಗೆ ನನ್ನ ಕಾರು ಕೊಟ್ರೆ ಕಂತು ಅರ್ಧಕ್ಕೂ ಕಡಿಮೆ. ಕಾರುಗಳು ಅವೇ, ಹೆಂಗಸರೂ ಅವರೇ. ಅದಲು ಬದಲು ಮಾಡಿದೆ. ನಮ್ಮೂರಲ್ಲಿ ಇಷ್ಟು ಲೆಕ್ಕ ಬರೋರು ಯಾರೂ ಇಲ್ವಲ್ಲೇ!"

"ಊರೆಲ್ಲ ನಗ್ತಿದೆ ಫೆನ್ನಾ."

"ನಗ್ಲಿ. ನಗೋದಕ್ಕೆ ಕಂತಿಲ್ಲ. ನೀನು ಬಾಯಿ ಬಿಟ್ಟೀಯ, ಹುಷಾರು! ವಿಷಯ ಹೊರಗೆ ಬಂದ್ರೆ ಆ ಆರ್ಲಿನ್ ಮಾನ ಉಳಿಸ್ಕೊಳ್ಳೋಕೆ ಕಾರು ವಾಪಸ್ ಕೇಳ್ತಾನೆ. ಹುಡುಗಿ ಮನೇಲಿ ಕೂರ್ಬೇಕಾಗುತ್ತೆ."

ನಾನು ಬಾಯಿ ಮುಚ್ಚಿಕೊಂಡೆ. ಮರೀಕಾ ಆ ಮಣ್ಣಿನ ಬಣ್ಣದ ಕಾರಿನಲ್ಲಿ ದಿನಾ ಇಪ್ಪತ್ತಾರು ಮೈಲಿ ಹೋಗಿ ಬಂದಳು. ಶಾಲೆಯಲ್ಲಿ ಕಾರು ನಿಲ್ಲಿಸುವ ಜಾಗದಲ್ಲಿ ಅದರಷ್ಟು ಸಪ್ಪೆ ಕಾರು ಮತ್ತೊಂದಿರಲಿಲ್ಲ. ತರಬೇತಿ ಮುಗಿಸಿದಳು, ಅದೇ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಳು, ಈಗ ಪೂರ್ಣ ನರ್ಸ್ ಆಗಲು ಓದುತ್ತಿದ್ದಾಳೆ. ಆರ್ಲಿನ್ ಮುದುಕಿಯೊಬ್ಬಳ ಕೊನೆಯಾಸೆ ತೀರಿಸಿದ ಕಥೆಯನ್ನು ಬೇಕರಿಯಲ್ಲಿ ಮೂರು ವರ್ಷ ಹೇಳಿದ. ಹೊಸ ಕಂತಿನ ಕಾಗದ ಅವನೂ ನೋಡಿದ್ದ. ಅವನಿಗೆ ಗೊತ್ತಿತ್ತು.

ಈ ವರ್ಷ ಫೆಬ್ರವರಿಯ ಒಂದು ಬೆಳಿಗ್ಗೆ ಫೆನ್ನಾಳ ಹೃದಯ ನಿಂತಿತು. ಬೂಟಿಗೆ ಲೇಸು ಕಟ್ಟಿಕೊಳ್ಳುತ್ತ ಕೂತವಳು ಏಳಲಿಲ್ಲ. ನಾನು ಹೋಗಿ ನೋಡಿದೆ. ಒಂದು ಬೂಟು ಕಟ್ಟಿತ್ತು, ಇನ್ನೊಂದು ಇರಲಿಲ್ಲ. ಅದನ್ನು ನಾನೇ ಕಟ್ಟಿದೆ; ಯಾಕೆಂದು ಗೊತ್ತಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಹಂದಿಮಾಂಸ ಇಟ್ಟ ಬನ್ನು, ಆಲೂಗಡ್ಡೆ, ಕಾಫಿ. ಫೆನ್ನಾಳ ಆಸ್ತಿ ವಿಲೇವಾರಿ ನನ್ನ ಪಾಲಿಗೆ ಬಂದಿದೆಯೆಂದು ಎಲ್ಲರಿಗೂ ತಿಳಿದಿತ್ತು. ಆರ್ಲಿನ್ ಬನ್ನು ಹಿಡಿದು ನನ್ನ ಮೇಜಿಗೆ ಬಂದ.

"ದೊಡ್ಡ ಜೀವ ಅಲೈಡಾ. ದೊಡ್ಡ ಜೀವ ಹೋಯ್ತು." ಸ್ವಲ್ಪ ಹೊತ್ತು ಅಗಿದ. "ಅವರ ಕಾರು ಏನ್ಮಾಡ್ತೀರಿ? ಮೊದ್ಲು ನಮ್ದೇ ಅಲ್ವಾ. ನಮ್ಮ ಮಗ ಟೈಸ್‌ಗೆ ಏಪ್ರಿಲ್‌ಗೆ ಹದಿನಾರು ತುಂಬುತ್ತೆ. ಒಂದು ಒಳ್ಳೇ ಬೆಲೆಗೆ ಕೊಟ್ರೆ..."

ನಾನು ಬಾಯಿ ತೆರೆಯುವ ಮೊದಲೇ ನನ್ನ ಹಿಂದೆ ಕಾಫಿಯ ಹೂಜಿ ಮೇಜಿಗೆ ತಾಗಿದ ಸದ್ದಾಯಿತು. ಮರೀಕಾ. ಆಸ್ಪತ್ರೆಯ ನೀಲಿ ಬಟ್ಟೆಯಲ್ಲೇ ಬಂದು ಎಲ್ಲರಿಗೂ ಕಾಫಿ ಬಡಿಸುತ್ತಿದ್ದಳು.

"ಅಪ್ಪ, ಮಾತಾಡ್ಬೇಡ."

"ಏನಮ್ಮಾ, ವಿಚಾರಿಸ್ತಿದ್ದೀನಿ ಅಷ್ಟೇ..."

"ತಾಂತೆ ಫೆನ್ನಾಗೆ ಆ ಕಾರು ಒಂದು ದಿನಾನೂ ಇಷ್ಟ ಇರಲಿಲ್ಲ. ನಿಂಗೆ ಗೊತ್ತು. ನಾನು ಕ್ಲಾಸಿಗೆ ಹೋಗ್ಲಿ ಅಂತ ತಗೊಂಡ್ರು, ನಿನ್ನ ಮರ್ಯಾದೆ ಉಳೀಲಿ ಅಂತ ತಾನೇ ಕೇಳಿ ತಗೊಂಡ್ರು. ಇವತ್ತು ಪಾದ್ರಿಗಳು ಹೇಳಿದಾಗ ನೀನು ನಕ್ಕೆ. ನಾನು ನೋಡ್ದೆ." ಅವಳ ದನಿ ಏರಲಿಲ್ಲ. ಆದರೆ ಸುತ್ತಲಿನ ದನಿಗಳು ಇಳಿದಿದ್ದರಿಂದ ನೆಲಮಾಳಿಗೆಗೆಲ್ಲ ಕೇಳಿತು. "ಮೂರು ವರ್ಷ ನಾನೂ ಸುಮ್ನಿದ್ದೆ. ಅದು ನನ್ನ ತಪ್ಪು. ಟೈಸ್‌ಗೆ ಆ ಕಾರು ಕೊಡ್ಸಿದ್ರೆ ಇನ್ನು ಅವನಿಗೋಸ್ಕರ ಸೊಂಟ ಮುರ್ಕೊಳ್ಳೋಕೆ ಯಾರೂ ಉಳಿದಿಲ್ಲ."

ಪಾದ್ರಿ ಬಾಯಲ್ಲಿದ್ದ ಆಲೂಗಡ್ಡೆಯನ್ನು ಬಹಳ ಹೊತ್ತು ಅಗಿದರು. ಮಿಸೆಸ್ ಕ್ಲೂಸ್ಟರ್‌ಮನ್ ಒಬ್ಬಳೇ ಮೆಲ್ಲಗೆ ಕೇಳಿದಳು, "ಅಂದ್ರೆ ನಮ್ಮವರ ಕಾರು ಅವಳಿಗೆ ಇಷ್ಟ ಆಗಿರಲಿಲ್ವಾ?" ಅಲ್ಲಿದ್ದವರಲ್ಲಿ ನನಗೆ ಕನಿಕರ ಹುಟ್ಟಿದ್ದು ಆ ಒಬ್ಬಳ ಮೇಲೆ. ಆರ್ಲಿನ್ ತಟ್ಟೆ ನೋಡಿಕೊಂಡು, ಬನ್ನು ಇನ್ನೂ ಇದೆಯಾ ಎಂದು ಯಾರನ್ನೋ ಕೇಳುತ್ತ ಎದ್ದುಹೋದ.

ಕಪ್ಪು ಕಾರನ್ನು ಮಸ್ಕೀಗನ್‌ನ ಒಬ್ಬ ನಿವೃತ್ತ ದಂತವೈದ್ಯರಿಗೆ ಮಾರಿದೆ. ಅವರಿಗೆ ಎಪ್ಪತ್ತೊಂದು, 'ಮನೇಲಿ ಮಕ್ಕಳಿಲ್ಲ ತಾನೆ?' ಎಂದು ಎರಡು ಸಲ ಕೇಳಿಕೊಂಡೆ. ಊರಿನವರು ಈಗ ಫೆನ್ನಾಳನ್ನು ಸಂತಳನ್ನಾಗಿ ಮಾಡುವ ಕೆಲಸಕ್ಕೆ ಕೈ ಹಾಕಿದ್ದಾರೆ. ಬೇಕರಿಯವನು ತನಗೆ ಮೊದಲಿನಿಂದಲೂ ಅನುಮಾನವಿತ್ತು ಎನ್ನುತ್ತಾನೆ. ನಗುವುದಕ್ಕಿಂತ ಇದು ಅಗ್ಗ ಎಂದು ಕಂಡುಕೊಂಡಿರಬೇಕು.

ಮಾರ್ಚ್ ಮಧ್ಯದಲ್ಲಿ ಆರ್ಲಿನ್ ಫೋನ್ ಮಾಡಿದ.

"ಅಲೈಡಾ, ಟೈಸ್‌ಗೆ ಒಂದು ಕಾರು ನೋಡಿದ್ದೀನಿ. ಇನ್ನೂ ತಗೊಂಡಿಲ್ಲ. ಮೊದ್ಲು ಕೇಳೋಣ ಅಂತ."

"ನಾನು ಗ್ರಂಥಾಲಯದವಳು. ಕಚೇರೀಲಿ ಹೊಸ ಹುಡುಗಿ ಇದ್ದಾಳಲ್ಲ, ಅವಳನ್ನ ಕೇಳು."

"ಕೇಳ್ದೆ. ಅವಳು ಫೆನ್ನಾ ಥರ ಅಲ್ಲ."

"ಅಲ್ಲ. ಅವಳಿಗೆ ಮರ್ಯಾದೆ ಗೊತ್ತು."

"ಒಂದೂ ಬೈಲಿಲ್ಲ ಅಲೈಡಾ" ಎಂದ. "ನಗ್ತಾ ಕಾಗದ ಕೊಟ್ಟು ಕಳಿಸಿದ್ಲು. ನಾನು ಮಾಡ್ತಿರೋದು ಸರೀನೋ ತಪ್ಪೋ ಗೊತ್ತಾಗೋದು ಹೇಗೆ?"

ಅವನ ಮೇಲಿನ ಸಿಟ್ಟು ನನಗೆ ಹೋಗಿಲ್ಲ, ಹೋಗುವುದೂ ಬೇಡ. ಆದರೆ ಅವನು ಹೇಳಿದ್ದೇ ನನಗೂ ಆಗಿತ್ತು. ಶುಕ್ರವಾರಗಳಲ್ಲಿ ನನ್ನನ್ನು ಬೈಯುವವರು ಯಾರೂ ಇಲ್ಲ.

"ಶನಿವಾರ ಬಾ. ಟೈಸ್‌ನನ್ನೂ ಕರ್ಕೊಂಡು ಬಾ, ದುಡಿಯೋನು ಅವನಲ್ವಾ. ಕಾರಿನ ವಿಷಯ ನಂಗೆ ಅಷ್ಟು ಬರಲ್ಲ. ಬೈಯೋದು ಕಲ್ತ್ಕೋತೀನಿ."

ಶನಿವಾರ ಅಪ್ಪ ಮಗ ಬಂದರು. ಆರ್ಲಿನ್ ಜೇಬಿನಿಂದ ಕಾರಿನ ಚಿತ್ರ ತೆಗೆದು ನನ್ನ ಅಡುಗೆಮನೆಯ ಮೇಜಿನ ಮೇಲಿಟ್ಟ. ವರ್ಷದಲ್ಲಿ ಐದು ತಿಂಗಳು ಹಿಮ ಬೀಳುವ ಊರಿನಲ್ಲಿ, ಹದಿನಾರು ವರ್ಷದ ಮಗನಿಗೆಂದು ಅವನು ಹುಡುಕಿ ತಂದದ್ದು ಛಾವಣಿ ಮಡಚುವ ಕಾರು. ನಾನು ಬೈಯಲು ಶುರುಮಾಡಿದೆ.